ಪರಿಷೆಯ ಗಾಡಿಯೂ ಹಬ್ಬದ ಬಸ್ಸೂ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹಿಂದೆ ಒಂದು ದಿನದ್ದಾಗಿದ್ದ ಪರಿಷೆ ಈಗ ಹಲವು ದಿನಗಳಿಗೆ ಹಿಗ್ಗಿದೆ. ದೊಡ್ಡ ಬಸವಣ್ಣನ ಗುಡ್ಡದ ಕೆಳಗೆ, ರಸ್ತೆಯ ಎರಡು ಮಗ್ಗುಲಿಗೂ ಕಾಯಿಯ ರಾಶಿ. ಹಸಿಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ. ನಡುನಡುವೆ ಬತ್ತಾಸು, ಕಲ್ಯಾಣಸೇವೆ, ಬಳೆ, ಬೊಂಬೆ, ಮಕ್ಕಳ ಪೀಪಿ. ರಾಶಿಯ ಹಿಂದೆ ಕುಳಿತು ಸೇರಿನಲ್ಲಿ ಅಳೆದು ಕೊಡುವವರು ಬೆಂಗಳೂರಿನವರಲ್ಲ. ಅವರು ಮಾಗಡಿಯವರು, ಚಿಂತಾಮಣಿಯವರು, ಶ್ರೀನಿವಾಸಪುರದವರು, ಗಡಿಯಾಚೆಯ ಕೃಷ್ಣಗಿರಿ-ಧರ್ಮಪುರಿಯವರು. ನಮ್ಮ ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿಗಳೂ ಕಡಲೆಕಾಯಿಯ ಸೀಮೆಗಳೇ. ಮಳೆ ಬಂದರೆ ಕಾಯಿ, ಬಾರದಿದ್ದರೆ ಸಾಲ ಎಂದು ಬದುಕುವ ಜನ ಇಲ್ಲಿಯೂ ಇದ್ದಾರೆ. ಆದ್ದರಿಂದ ಈ ಪರಿಷೆಯ ಮಾತನ್ನು ಬೆಂಗಳೂರಿನ ಪತ್ರಿಕೆಗಳಿಗೇ ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.

ಹಬ್ಬವೆಂದರೆ ಪಂಚಾಂಗದ ವಿಷಯ, ಭಕ್ತಿಯ ವಿಷಯ ಎಂದು ತಿಳಿದವರು ಹೇಳುತ್ತಾರೆ. ಇರಬಹುದು, ನಾವು ಎದುರಾಡುವುದಿಲ್ಲ. ಆದರೆ ಪಂಚಾಂಗ ತಿಥಿಯನ್ನು ಹೇಳೀತೇ ಹೊರತು ಆ ತಿಥಿಗೆ ಸರಿಯಾಗಿ ಮಗಳನ್ನು ತವರಿಗೆ, ಮಗನನ್ನು ಊರಿಗೆ, ಕಾಯಿಯನ್ನು ಪರಿಷೆಗೆ ತಲುಪಿಸಲಾರದು. ಆ ಕೆಲಸವನ್ನು ಮಾಡಿದ್ದು ಗಾಲಿ. ಎತ್ತಿನ ಗಾಡಿಯ ಗಾಲಿ, ಜಟಕಾದ ಗಾಲಿ, ರೈಲಿನ ಗಾಲಿ, ಬಸ್ಸಿನ ಗಾಲಿ. ಬೆಂಗಳೂರಿನಂಥ ಊರಿನಲ್ಲಿ ಹಬ್ಬದ ಸಂತೋಷ ಕೆಲವೇ ಮನೆಗಳ ಅಂಗಳದಿಂದ ಹೊರಗೆ ಬಂದು ಎಲ್ಲರದೂ ಆದದ್ದು ಗಾಲಿ ಎಲ್ಲರದೂ ಆದ ಮೇಲೆ. ಗಾಲಿ ಮತ್ತೆ ಉಳ್ಳವರದಾದರೆ ಸಂತೋಷವೂ ಅವರ ಹಿಂದೆಯೇ ಹೋಗುತ್ತದೆ. ಈ ಸಲ ಓದುಗರ ಮುಂದೆ ನಾವು ಇಡಬಯಸುವ ವಿಚಾರ ಇಷ್ಟೇ.

ಎತ್ತಿನ ಗಾಡಿಯ ಕಾಲ

ಸುಂಕೇನಹಳ್ಳಿಯ ರೈತರ ಹೊಲಕ್ಕೆ ಬಸವ ನುಗ್ಗಿ ಕಡಲೆಕಾಯಿಯನ್ನು ಮೇಯುತ್ತಿತ್ತೆಂದೂ, ರೈತರು ಮೊದಲ ಫಸಲನ್ನು ಅದಕ್ಕೇ ಒಪ್ಪಿಸುವುದಾಗಿ ಹರಕೆ ಹೊತ್ತರೆಂದೂ ಐತಿಹ್ಯ. ಗುಡಿಯನ್ನು ೧೫೩೭ರಲ್ಲಿ ಹಿರಿಯ ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರತೀತಿ. ಇಲ್ಲಿ ಒಂದು ಸ್ವಾರಸ್ಯವುಂಟು. ಕಡಲೆಕಾಯಿ ನಮ್ಮ ನೆಲದ ಮೂಲದ ಬೆಳೆಯಲ್ಲ. ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದದ್ದು. ದೂರದ ಕಡಲಾಚೆಯಿಂದ ಬಂದ ಕಾಯಿ ನಮ್ಮ ಬಸವಣ್ಣನ ನೈವೇದ್ಯವಾಯಿತು. ‘ಇದು ನಮ್ಮದೇ, ಹೊರಗಿನವರು ಇಲ್ಲಿ ಬೇಡ’ ಎಂದು ಹಬ್ಬದ ಹೆಸರಿನಲ್ಲಿ ಗೋಡೆ ಕಟ್ಟುವವರು ಪರಿಷೆಗೆ ಹೋಗಿ ಒಂದು ಪಾವು ಕಾಯಿಯನ್ನು ಸುಲಿದು ತಿನ್ನುತ್ತ ಇದನ್ನು ಯೋಚಿಸಬೇಕು.

ಹಿಂದೆ ಈ ಕಾಯಿಯೆಲ್ಲ ಎತ್ತಿನ ಗಾಡಿಗಳಲ್ಲಿ ಬರುತ್ತಿತ್ತು. ಎತ್ತಿನ ನಡಿಗೆ ಮನುಷ್ಯನ ನಡಿಗೆಗಿಂತ ಹೆಚ್ಚಿನದಲ್ಲ; ಮಾಗಡಿಯ ಕಡೆಯಿಂದ ಹೊರಟ ಗಾಡಿಗೆ ಒಂದು ರಾತ್ರಿ ಸಾಲದು. ಗಾಡಿಯಲ್ಲಿ ಮೂಟೆ, ಮೂಟೆಯ ಮೇಲೆ ಹೆಂಗಸರು-ಮಕ್ಕಳು, ಗಾಡಿಯಡಿಯಲ್ಲಿ ತೂಗುವ ಲಾಂದ್ರ, ಹಿಂದೆ ನಡೆದು ಬರುವ ಗಂಡಸರು. ಆ ಗಾಡಿಯೇ ಅವರಿಗೆ ಮನೆ, ಅದೇ ಅಂಗಡಿ, ಅದೇ ಛತ್ರ. ಹಬ್ಬ ಸೋಮವಾರ ಮೊದಲಾಗುತ್ತಿರಲಿಲ್ಲ. ಊರಿನ ಅಗಸೆಯನ್ನು ಗಾಡಿ ದಾಟಿದಾಗಲೇ ಮೊದಲಾಗುತ್ತಿತ್ತು. ದಾರಿಯ ಹಳ್ಳಿಗಳವರು ಬಾವಿಯ ನೀರು ಕೊಡುತ್ತಿದ್ದರು, ಕಾಯಿ ಕೇಳಿ ಪಡೆಯುತ್ತಿದ್ದರು. ಹೀಗೆ ಹಬ್ಬ ದಾರಿಯುದ್ದಕ್ಕೂ ಚೆಲ್ಲುತ್ತ ಬರುತ್ತಿತ್ತು.

ಆದರೆ ಆ ಕಾಲವನ್ನು ನಾವು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಗಾಡಿ ಇದ್ದದ್ದು ಎತ್ತು ಇದ್ದವನಿಗೆ. ಎತ್ತು ಇದ್ದದ್ದು ಹೊಲ ಇದ್ದವನಿಗೆ. ಆ ಹೊಲದಲ್ಲಿ ಕಾಯಿ ಕಿತ್ತ ಕೂಲಿಯಾಳಿಗೆ ಗಾಡಿಯಲ್ಲಿ ಜಾಗವಿರಲಿಲ್ಲ. ಅವನು ನಡೆದು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಜಾತಿಯ ಕಾರಣದಿಂದ ಗಾಡಿಯ ಹತ್ತಿರವೂ ಸುಳಿಯಲಾಗದವರ ಮಾತು ಬೇರೆಯೇ. ಹಳೆಯ ಹಬ್ಬಗಳ ಬಣ್ಣವನ್ನು ಬಣ್ಣಿಸುವವರು ಈ ಲೆಕ್ಕವನ್ನು ಮರೆಯಬಾರದು.

ಊರು ಬೆಳೆಯಿತು, ಮನೆ ಒಡೆಯಿತು

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಹಬ್ಬಕ್ಕೆ ವಾಹನ ಬೇಕಾಗಿರಲಿಲ್ಲ. ಚಿಕ್ಕಪೇಟೆಯಿಂದ ಅರಳೇಪೇಟೆಗೆ, ಅಲ್ಲಿಂದ ತಿಗಳರ ಪೇಟೆಗೆ ಕಾಲ್ನಡಿಗೆಯೇ ಸಾಕು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಇಂದಿಗೂ ಕಾಲ್ನಡಿಗೆಯಲ್ಲೇ ಪೇಟೆಯನ್ನು ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅದು ನಡಿಗೆಯ ಊರಿನ ಹಬ್ಬ.

೧೮೯೨ರಲ್ಲಿ ಚಾಮರಾಜಪೇಟೆಯನ್ನು ಗೆರೆ ಎಳೆದು ಕಟ್ಟಿದರು. ೧೮೯೮ರಲ್ಲಿ ಪ್ಲೇಗು ಬಂದಿತು. ಇಕ್ಕಟ್ಟಿನ ಪೇಟೆಯಲ್ಲಿ ಇಲಿ ಬಿದ್ದವು, ಜನ ಬಿದ್ದರು. ಬದುಕಿದವರು ಬಯಲಿಗೆ ಓಡಿದರು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದದ್ದು ಆ ಮೇಲೆ. ಅಗಲವಾದ ಬೀದಿ, ಹಿಂದೊಂದು ಕನ್ಸರ್ವೆನ್ಸಿ ಓಣಿ, ಮನೆಗೊಂದು ತೆಂಗಿನ ಮರ. ಗಾಳಿ ಬೆಳಕು ಬಂದಿತು ನಿಜ. ಆದರೆ ಅಣ್ಣ ಮಲ್ಲೇಶ್ವರದಲ್ಲಿ, ತಮ್ಮ ಬಸವನಗುಡಿಯಲ್ಲಿ, ಮುದುಕಿ ತಾಯಿ ಪೇಟೆಯ ಹಳೆಯ ಮನೆಯಲ್ಲಿ ಎಂದಾಯಿತು. ನಡುವೆ ಆರೇಳು ಕಿಲೋಮೀಟರು. ಒಂದೇ ಒಲೆಯ ಹಬ್ಬ ಮೂರು ಒಲೆಯದಾಯಿತು.

ಇನ್ನೊಂದು ವಿಷಯವನ್ನೂ ಹೇಳಬೇಕು. ಈ ಹೊಸ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚಿದ್ದು ಜಾತಿವಾರು ವಿಭಾಗಗಳಾಗಿ. ಇಂಥ ಭಾಗ ಇಂಥವರಿಗೆ, ಆ ಭಾಗ ಅಂಥವರಿಗೆ. ಊರನ್ನು ಹೊಸದಾಗಿ ಕಟ್ಟುವ ಅವಕಾಶ ಸಿಕ್ಕಾಗಲೂ ಹಳೆಯ ಗೋಡೆಗಳನ್ನೇ ಹೊಸ ಸುಣ್ಣದಲ್ಲಿ ಎಬ್ಬಿಸಿದರು. ದೊಡ್ಡ ಉದ್ಯೋಗದವರ ಮನೆಯಲ್ಲಿ ಸ್ವಂತ ಕೋಚು ಇತ್ತು. ಗುಮಾಸ್ತರ ಮನೆಯವರು ಹಬ್ಬಕ್ಕೆಂದು ಜಟಕಾ ಗೊತ್ತುಮಾಡುತ್ತಿದ್ದರು. ಹಬ್ಬದ ದಿನ ಜಟಕಾದವನು ಒಂದಾಣೆ ಹೆಚ್ಚಿಗೆ ಕೇಳಿದರೆ ಬೀದಿಯಲ್ಲೇ ದೊಡ್ಡ ಚೌಕಾಸಿ. ಅವನನ್ನು ನಾವು ಇಂದು ಬಯ್ಯುವುದಿಲ್ಲ. ಅವನ ಕುದುರೆಗೂ ಹುರುಳಿ ಬೇಕು, ಅವನ ಮನೆಯಲ್ಲೂ ರಂಜಾನೋ ಯುಗಾದಿಯೋ ಇತ್ತು. ಆದರೆ ಜಟಕಾ ಗೊತ್ತುಮಾಡಲಾರದ ಮನೆಗಳೇ ಹೆಚ್ಚು. ಅವರ ಪಾಲಿಗೆ ಮಲ್ಲೇಶ್ವರದಿಂದ ಬಸವನಗುಡಿಯ ಪರಿಷೆ ಬೇರೊಂದು ಊರಿನ ಪರಿಷೆಯಷ್ಟೇ ದೂರ.

ಕಬ್ಬಿಣದ ಹಾದಿ

ಬೆಂಗಳೂರಿಗೆ ರೈಲು ಮೊದಲು ಬಂದದ್ದು ೧೮೬೪ರಲ್ಲಿ, ಜೋಲಾರ್‌ಪೇಟೆಯ ಕಡೆಯಿಂದ ದಂಡಿನ ಪ್ರದೇಶಕ್ಕೆ. ಅದು ಸೈನ್ಯದ, ಸರಕಿನ ಅನುಕೂಲಕ್ಕೆ ಬಂದ ರೈಲು. ೧೮೭೬ರಿಂದ ೭೮ರವರೆಗಿನ ಘೋರ ಬರಗಾಲದ ನಂತರ ಮೈಸೂರಿಗೆ ಹಾದಿ ಬಿತ್ತು. ೧೮೮೨ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿನವರೆಗೆ ರೈಲು ಓಡಿತು. ಆ ಹಾದಿಯ ಮಣ್ಣನ್ನು ಹೊತ್ತವರಲ್ಲಿ ಹೊಟ್ಟೆಗಿಲ್ಲದೆ ಬರಪರಿಹಾರದ ಕೂಲಿಗೆ ಬಂದವರಿದ್ದರು. ೧೮೮೪ರಲ್ಲಿ ನಮ್ಮ ತುಮಕೂರಿಗೂ ರೈಲು ಬಂದಿತು. ಇಂದಿಗೂ ತುಮಕೂರಿನಿಂದ ಹೊರಟ ರೈಲು ಯಶವಂತಪುರ, ಮಲ್ಲೇಶ್ವರಗಳನ್ನು ದಾಟಿಕೊಂಡೇ ಬೆಂಗಳೂರನ್ನು ಸೇರುತ್ತದೆ.

ಮೈಸೂರಿನ ದಸರಾ ಮೂಲದಲ್ಲಿ ಅರಮನೆಯ ಹಬ್ಬ, ದರ್ಬಾರಿನ ಹಬ್ಬ. ಅದು ನಾಡಿನ ಜನರ ಜಾತ್ರೆಯಾದದ್ದರಲ್ಲಿ ಮೂರನೆಯ ದರ್ಜೆಯ ಡಬ್ಬಿಯ ಪಾಲು ದೊಡ್ಡದು. ಬುತ್ತಿ ಕಟ್ಟಿಕೊಂಡು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಲಗೆಯ ಮೇಲೆ ಕುಳಿತು ಬಂದ ಜನ ಜಂಬೂಸವಾರಿಯನ್ನು ನೋಡಿದರು. ಅಂಬಾರಿಯ ಮೇಲಿದ್ದವರಿಗೆ ದಸರಾ ವೈಭವವಾಗಿತ್ತು. ಬೀದಿಯ ಅಂಚಿನಲ್ಲಿ ನಿಂತವರಿಗೆ ಅದು ವರ್ಷದ ಒಂದೇ ಒಂದು ರಜೆಯಾಗಿತ್ತು. ಆ ಮೂರನೆಯ ದರ್ಜೆಯ ಕಷ್ಟವೂ ಕಡಮೆಯದಲ್ಲ. ಗಾಂಧೀಜಿಯವರು ೧೯೧೭ರಲ್ಲೇ ಅದರ ಹೊಲಸು, ಅದರ ನೂಕುನುಗ್ಗಲನ್ನು ಕುರಿತು ಬರೆದು ಸರ್ಕಾರದ ಕಣ್ಣು ತೆರೆಸಲು ನೋಡಿದರು. ಆದರೂ ಜನ ಹತ್ತಿದರು. ಏಕೆಂದರೆ ಆ ಟಿಕೆಟ್ಟನ್ನು ಕೊಳ್ಳಬಲ್ಲವರಾಗಿದ್ದರು.

ಅಗ್ಗದ ಟಿಕೆಟ್ಟು ಯಾರೋ ಪುಣ್ಯಾತ್ಮರು ಕೊಟ್ಟ ದಾನವಲ್ಲ. ಬಂಡವಾಳಗಾರರ ತವರಾದ ಇಂಗ್ಲೆಂಡಿನಲ್ಲಿಯೇ ೧೮೪೪ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ದಿನಕ್ಕೆ ಒಂದಾದರೂ ರೈಲು ಮೈಲಿಗೆ ಒಂದು ಪೆನ್ನಿಯಂತೆ ಬಡವರನ್ನು ಒಯ್ಯಬೇಕು, ಆ ಡಬ್ಬಿಗೆ ಮಾಡು ಇರಬೇಕು ಎಂದು ರೈಲು ಕಂಪನಿಗಳಿಗೆ ವಿಧಿಸಬೇಕಾಯಿತು. ಅದುವರೆಗೆ ಅಲ್ಲಿ ಬಡವರನ್ನು ತೆರೆದ ಡಬ್ಬಿಗಳಲ್ಲಿ ಸರಕಿನಂತೆ ಸಾಗಿಸುವುದೂ ಇತ್ತು. ದರವನ್ನು ಕಂಪನಿಯ ದಯೆಗೆ ಬಿಟ್ಟರೆ ಏನಾಗುತ್ತದೆಂಬುದು ನೂರ ಎಂಬತ್ತು ವರ್ಷಗಳ ಹಿಂದೆಯೇ ಲೋಕಕ್ಕೆ ತಿಳಿದ ಪಾಠ. ನಾವು ಮಾತ್ರ ಅದನ್ನು ಪ್ರತಿ ದೀಪಾವಳಿಗೂ ಹೊಸದಾಗಿ ಕಲಿಯುತ್ತಿದ್ದೇವೆ.

‘ಬಿಟ್ರೆ ತಿರುಗಿ ಸಿಗೋಲ್ಲ’

೧೯೪೦ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ೯೮ ಬಸ್ಸುಗಳೊಂದಿಗೆ ನಗರದಲ್ಲಿ ಓಡಾಟ ಆರಂಭಿಸಿತು. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದ್ದನ್ನು ಹಿರಿಯರು ಹೇಳುತ್ತಿದ್ದರು. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರ ೧೨೦ ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ೧೯೫೬ರಲ್ಲಿ ನಗರದ ಕಂಪನಿಯನ್ನೂ ಸರ್ಕಾರ ವಹಿಸಿಕೊಂಡಿತು. ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿ.ಟಿ.ಎಸ್. ಆಯಿತು. ೧೯೯೭ರಲ್ಲಿ ಅದೇ ಬಿ.ಎಂ.ಟಿ.ಸಿ.

ಬಿ.ಟಿ.ಎಸ್. ಎಂದರೆ ‘ಬಿಟ್ರೆ ತಿರುಗಿ ಸಿಗೋಲ್ಲ’ ಎಂದು ಬೆಂಗಳೂರಿನ ಜನ ಹಾಸ್ಯ ಮಾಡುತ್ತಿದ್ದರು. ಹಾಸ್ಯದಲ್ಲಿ ಬೈಗುಳವಿತ್ತು, ಬೈಗುಳದಲ್ಲಿ ಸಲಿಗೆಯಿತ್ತು. ತಮ್ಮದಲ್ಲದ ವಸ್ತುವನ್ನು ಜನ ಹಾಗೆ ಬಯ್ಯುವುದಿಲ್ಲ. ಬಸ್ಸು ತಡವಾಗುತ್ತಿತ್ತು, ನಿಲ್ಲದೆ ಹೋಗುತ್ತಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು. ಆದರೂ ಮಲ್ಲೇಶ್ವರದವರ ಪಾಲಿಗೆ ಬಸವನಗುಡಿಯ ಪರಿಷೆಯನ್ನು ಹತ್ತಿರ ತಂದದ್ದು ಆ ಬಸ್ಸೇ. ಇಂದು ಮಂತ್ರಿ ಮಾಲ್ ನಿಂತಿರುವ ಜಾಗದಲ್ಲಿ ಅಂದು ರಾಜಾ ಮಿಲ್ಲು ಇತ್ತು. ಅಲ್ಲಿನ ಪಾಳಿ ಮುಗಿಸಿದ ಕೆಲಸಗಾರ ಮನೆಗೆ ಹೋಗಿ ಮುಖ ತೊಳೆದು, ಹೆಂಡತಿ-ಮಕ್ಕಳೊಂದಿಗೆ ಬಸ್ಸು ಹತ್ತಿ, ಪರಿಷೆಯಲ್ಲಿ ಒಂದು ಸೇರು ಕಾಯಿ ಕಟ್ಟಿಸಿಕೊಂಡು, ರಾತ್ರಿಯ ಬಸ್ಸಿಗೆ ಮರಳಬಹುದಾಗಿತ್ತು. ಹೇಳಿಕೊಳ್ಳುವಂಥ ಸುಖವೇನಲ್ಲ. ಆದರೆ ಅವನ ತಂದೆಗೆ ಆ ಸುಖವಿರಲಿಲ್ಲ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದ ಸಂಗೀತವನ್ನು ನೆನೆಯೋಣ. ಎಂಬತ್ತು ವರ್ಷಗಳಿಗೂ ಮಿಕ್ಕಿ ನಡೆದು ಬಂದಿರುವ ಉತ್ಸವ ಅದು. ನಾಡಿನ ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಹಾಡಿದ್ದಾರೆ, ನುಡಿಸಿದ್ದಾರೆ. ಚಪ್ಪರದೊಳಗೆ ಟಿಕೆಟ್ಟಿನವರು, ಚಪ್ಪರದ ಹೊರಗೆ ರಸ್ತೆಯಲ್ಲಿ, ಫುಟ್‌ಪಾತಿನಲ್ಲಿ, ಸೈಕಲ್ಲಿಗೆ ಒರಗಿ ಕೇಳುವವರು. ಹೊರಗೆ ನಿಂತವರಿಗೆ ಕಛೇರಿ ಮುಗಿಯುತ್ತಿದ್ದದ್ದು ಮಂಗಳದಿಂದಲ್ಲ, ಕೊನೆಯ ಬಸ್ಸಿನಿಂದ. ರಾಗ ಅರ್ಧದಲ್ಲಿದ್ದರೂ ಬಸ್ಸಿನ ಹೊತ್ತಾದರೆ ಎದ್ದು ಓಡಬೇಕು. ಕೊನೆಯ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟರೆ ಬಡವನಿಗೆ ಅರ್ಧ ಗಂಟೆ ಹೆಚ್ಚು ಸಂಗೀತ ಸಿಗುತ್ತದೆ. ಸಂಸ್ಕೃತಿಯ ಪ್ರಚಾರಕ್ಕೆ ಅಕಾಡೆಮಿಗಳನ್ನು ಕಟ್ಟುವವರು ಈ ಚಿಕ್ಕ ಸತ್ಯವನ್ನು ಗಮನಿಸಲಿ.

ಬಸ್ಸು ಇನ್ನೊಂದು ಕೆಲಸವನ್ನೂ ಮಾಡಿತು. ಬಡಾವಣೆಯಲ್ಲಿ ಜಾತಿಗೊಂದು ಭಾಗವಿತ್ತು, ಬಸ್ಸಿನಲ್ಲಿ ಇರಲಿಲ್ಲ. ಮಡಿಯುಟ್ಟ ಅಜ್ಜಿ, ಮೀನಿನ ಬುಟ್ಟಿಯ ಹೆಂಗಸು, ಟೊಪ್ಪಿಯ ಸಾಬರು, ಮಿಲ್ಲಿನ ಕೂಲಿ ಎಲ್ಲರಿಗೂ ಒಂದೇ ಬಣ್ಣದ ಚೀಟಿ, ಒಂದೇ ಕಂಬಿ. ಅದರಿಂದ ಜಾತಿ ಅಳಿಯಿತೆಂದು ನಾವು ಹೇಳುವುದಿಲ್ಲ. ಬಸ್ಸಿನಿಂದ ಇಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ಗೋಡೆಯ ಒಳಕ್ಕೇ ಹೋದರು. ಆದರೆ ಪರಿಷೆಗೆ ಹೋಗುವ ಆ ಅರ್ಧ ಗಂಟೆಯಲ್ಲಿ ಮೈಗೆ ಮೈ ತಾಗಿ ನಿಂತ ಜನಕ್ಕೆ ಆಕಾಶವೇನೂ ಕಳಚಿ ಬೀಳಲಿಲ್ಲ ಎಂಬುದು ಗೊತ್ತಾಯಿತು. ಇದೇನು ಸಣ್ಣ ಪಾಠವೇ?

ಇಂದಿನ ಹಬ್ಬದ ಲೆಕ್ಕ

ಈಗ ಇಂದಿನ ಮಾತಿಗೆ ಬರೋಣ. ಅಂದು ಪೇಟೆಯಿಂದ ಮಲ್ಲೇಶ್ವರಕ್ಕೆ ಒಡೆದ ಮನೆ ಇಂದು ಪಾವಗಡದಿಂದ ಪೀಣ್ಯಕ್ಕೆ ಒಡೆದಿದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಗಾರ್ಮೆಂಟು ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ. ಇನ್ನೂ ದೂರದ ರಾಯಚೂರು, ಕಲಬುರ್ಗಿ, ಯಾದಗಿರಿಗಳ ಮಕ್ಕಳ ಪಾಡು ಹೇಳತೀರದು. ಅವರಿಗೆ ಹಬ್ಬವೆಂದರೆ ಊರು. ಊರೆಂದರೆ ಬಸ್ಸು.

ಗೌರಿ ಗಣೇಶ, ದಸರಾ, ದೀಪಾವಳಿಗಳ ಮುನ್ನಾದಿನ ದೂರದ ಊರುಗಳ ಖಾಸಗಿ ಬಸ್ಸುಗಳ ದರ ಎರಡು ಪಟ್ಟು, ಮೂರು ಪಟ್ಟು ಏರುವುದು ಪ್ರತಿ ವರ್ಷದ ಕಥೆ. ಪ್ರತಿ ವರ್ಷವೂ ಮಂತ್ರಿಗಳಿಂದ ಎಚ್ಚರಿಕೆ, ಅಧಿಕಾರಿಗಳಿಂದ ನಾಲ್ಕು ಕಡೆ ತಪಾಸಣೆ, ಪತ್ರಿಕೆಗಳಲ್ಲಿ ಒಂದು ಛಾಯಾಚಿತ್ರ. ಹಬ್ಬ ಮುಗಿಯಿತು, ಮಾತೂ ಮುಗಿಯಿತು. ವಾರದ ಕೂಲಿಯನ್ನು ಒಂದು ರಾತ್ರಿಯ ಪ್ರಯಾಣಕ್ಕೆ ತೆರಲಾರದೆ ಕೋಣೆಯಲ್ಲೇ ಉಳಿದ ಹುಡುಗನ ದೀಪಾವಳಿಯನ್ನು ಯಾರೂ ಚಿತ್ರ ತೆಗೆಯುವುದಿಲ್ಲ.

ಬಸ್ಸಿನ ಮಾಲೀಕರ ವಾದವನ್ನೂ ಕೇಳಬೇಕು. ಹಬ್ಬದ ಮುನ್ನಾದಿನ ಬೆಂಗಳೂರಿನಿಂದ ಗಾಡಿ ತುಂಬಿ ಹೋಗುತ್ತದೆ, ಮರಳುವಾಗ ಖಾಲಿ ಬರುತ್ತದೆ. ಎರಡು ಹಾದಿಯ ಖರ್ಚನ್ನು ಒಂದು ಹಾದಿಯವರ ಮೇಲೆ ಹಾಕದೆ ಗತಿಯಿಲ್ಲ ಎನ್ನುತ್ತಾರೆ. ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಲೆಕ್ಕವನ್ನು ಪೂರಾ ಮಾಡೋಣ. ಮಾಮೂಲು ದಿನಗಳಲ್ಲಿ ಹೋಗುವಾಗ ಅರ್ಧ, ಬರುವಾಗ ಅರ್ಧ ತುಂಬಿದ ಗಾಡಿ ಮಾಮೂಲು ದರದಲ್ಲೇ ಓಡುತ್ತದಲ್ಲವೇ? ಹೋಗುವಾಗ ಪೂರ್ತಿ ತುಂಬಿ ಬರುವಾಗ ಖಾಲಿಯಾದರೆ ಒಟ್ಟು ಜನ ಅಷ್ಟೇ. ಖರ್ಚೂ ಹೆಚ್ಚೇನಲ್ಲ. ಹಾಗಾದರೆ ದುಪ್ಪಟ್ಟು ದರ ಯಾವ ಎಣ್ಣೆಗೆ? ಅದು ಎಣ್ಣೆಯ ಬೆಲೆಯಲ್ಲ. ತಾಯಿಯ ಮುಖ ನೋಡಬೇಕೆಂಬ ಆಸೆಯ ಮೇಲೆ ಹಾಕಿದ ಸುಂಕ. ಬೇಡಿಕೆ ಹೆಚ್ಚಿದಾಗ ಬೆಲೆ ಏರುವುದು ವ್ಯಾಪಾರಧರ್ಮವೆಂದು ಕೆಲವರು ಉಪದೇಶಿಸುತ್ತಾರೆ. ಬರಗಾಲದಲ್ಲಿ ಅಕ್ಕಿಯನ್ನು ಬಚ್ಚಿಟ್ಟವನೂ ಇದೇ ಧರ್ಮವನ್ನು ಹೇಳುತ್ತಿದ್ದ.

ಸರ್ಕಾರಕ್ಕೆ ಅಧಿಕಾರವಿಲ್ಲವೆಂಬ ಮಾತೂ ಸಲ್ಲದು. ಈ ಬಸ್ಸುಗಳು ಬಹುಪಾಲು ಒಪ್ಪಂದ ವಾಹನಗಳೆಂಬ ಪರ್ಮಿಟ್ಟಿನಲ್ಲಿ ಓಡುತ್ತವೆ. ಅವುಗಳಿಗೆ ದರ ನಿಗದಿಯಿಲ್ಲ ಎನ್ನುತ್ತಾರೆ. ಆದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೬೭ನೆಯ ಕಲಮಿನಲ್ಲಿ ಮಜಲು ವಾಹನಗಳಿಗೆ ಮಾತ್ರವಲ್ಲ, ಒಪ್ಪಂದ ವಾಹನಗಳಿಗೂ ಕನಿಷ್ಠ-ಗರಿಷ್ಠ ದರಗಳನ್ನು ಗೊತ್ತುಮಾಡುವ ಬಗ್ಗೆ ನಿರ್ದೇಶನ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಕತ್ತಿ ಒರೆಯಲ್ಲಿದೆ, ಎಳೆಯುವ ಕೈ ಬೇಕು.

ಖಾಸಗಿಯವರನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವುದಿಲ್ಲ. ಸರ್ಕಾರದವರೂ ಇದೇ ದಾರಿಯಲ್ಲಿ ಕಾಲಿಟ್ಟಿದ್ದಾರೆ. ೨೦೧೬ರಲ್ಲಿ ರೈಲ್ವೆಯವರು ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ ಸೀಟು ತುಂಬಿದಂತೆ ದರ ಏರುವ ಪದ್ಧತಿಯನ್ನು ತಂದರು. ೨೦೨೫ರ ಜನವರಿ ೫ರಿಂದ ರಾಜ್ಯದ ಸಾರಿಗೆ ಬಸ್ಸುಗಳ ದರ ನೂರಕ್ಕೆ ೧೫ರಷ್ಟು ಏರಿತು. ಅದೇ ಫೆಬ್ರವರಿ ೯ರಿಂದ ಬೆಂಗಳೂರಿನ ಮೆಟ್ರೋದ ಗರಿಷ್ಠ ದರ ೬೦ ರೂಪಾಯಿಯಿಂದ ೯೦ ರೂಪಾಯಿಗೆ ಹೋಯಿತು. ೨೦೧೭ರಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಚಿಕ್ಕಪೇಟೆ, ಮಾರ್ಕೆಟ್ಟು, ನ್ಯಾಷನಲ್ ಕಾಲೇಜು ದಾಟಿ ದಕ್ಷಿಣಕ್ಕೆ ಮೆಟ್ರೋ ಓಡಿದಾಗ ಪ್ಲೇಗಿನ ಕಾಲದಲ್ಲಿ ಒಡೆದ ಮನೆ ಮತ್ತೆ ಕೂಡಿತೆಂದು ಜನ ಸಂತೋಷಪಟ್ಟರು. ಈಗ ಐದು ಜನರ ಸಂಸಾರ ಊರಿನ ಅಂಚಿನಿಂದ ಪರಿಷೆಗೆ ಬಂದು ಹೋಗುವ ಖರ್ಚಿನ ಮುಂದೆ ಕಡಲೆಕಾಯಿಯ ಬೆಲೆ ಲೆಕ್ಕಕ್ಕೇ ಬಾರದು.

ಶಕ್ತಿಯೂ ದುಡಿಯುವವರೂ

೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ದುಡ್ಡು ಕೊಡದೆ ಪ್ರಯಾಣ ಮಾಡುವಂತಾಯಿತು. ಆಗ ಕೇಳಿಬಂದ ಗೊಣಗಾಟವನ್ನು ಓದುಗರು ಮರೆತಿರಲಾರರು. ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಹೊರಟುಬಿಟ್ಟರು, ಗುಡಿಗಳಲ್ಲಿ ನೂಕುನುಗ್ಗಲು, ಮನೆಯಲ್ಲಿ ಅಡಿಗೆಗೆ ಗತಿಯಿಲ್ಲ ಎಂದು ಎಷ್ಟು ಹಾಸ್ಯ! ಗಂಡಸು ನೂರು ವರ್ಷ ಊರೂರು ತಿರುಗಿದಾಗ ಯಾರೂ ನಗಲಿಲ್ಲ. ಹೆಣ್ಣು ಒಂದು ಸಲ ಬಸ್ಸು ಹತ್ತಿದರೆ ದೇಶಕ್ಕೇ ನಗು.

ಗೌರಿ ಹಬ್ಬ ಯಾವ ಹಬ್ಬ? ತವರಿನ ಬಾಗಿನದ ಹಬ್ಬ. ಮೊರದಲ್ಲಿ ಅರಿಸಿನ ಕುಂಕುಮ ಬಳೆ ಧಾನ್ಯಗಳನ್ನಿಟ್ಟು ತವರಿನವರು ಹೆಣ್ಣುಮಗಳನ್ನು ನೆನೆಯುವ ದಿನ. ಆ ದಿನ ತವರಿಗೆ ಹೋಗಲು ಗಂಡನ ಮುಂದೆ ಚಾರ್ಜಿಗೆ ಕೈಯೊಡ್ಡಬೇಕಾಗಿದ್ದ ಹೆಂಗಸು ಈಗ ತಾನೇ ಹೋಗಿ ಬರುತ್ತಾಳೆ. ಮಧುಗಿರಿಯ ಕಡೆಯ ಒಬ್ಬ ತಾಯಿ ನಮಗೆ ಹೇಳಿದರು: ‘ಮದುವೆಯಾಗಿ ಇಪ್ಪತ್ತೆರಡು ವರ್ಷ ಆತು ಸ್ವಾಮಿ. ನಮ್ಮಕ್ಕನ ಮನೆ ಬೆಂಗಳೂರಾಗೈತೆ ಅಂತ ಗೊತ್ತಿತ್ತು, ನೋಡಿರಲಿಲ್ಲ. ಈಗ ಕಾಯಿ ಕಟ್ಕೊಂಡು ಹೋಗಿ ಕೊಟ್ಟು ಬಂದೆ.’ ಅಕ್ಕ-ತಂಗಿಯರ ನಡುವೆ ಇದ್ದದ್ದು ನೂರಿಪ್ಪತ್ತು ಕಿಲೋಮೀಟರಲ್ಲ. ಬಸ್ಸಿನ ಚಾರ್ಜು.

ಆದರೆ ಸಂತೋಷದ ಬಿಲ್ಲನ್ನು ಯಾರಾದರೂ ತೆರಬೇಕು. ಶಕ್ತಿಯ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಕಾಲಕಾಲಕ್ಕೆ ಪೂರ್ತಿಯಾಗಿ ತುಂಬಿಕೊಡದೆ ಹೋದರೆ, ಆ ಭಾರ ಹಳೆಯ ಬಸ್ಸಿನ ಮೇಲೂ ಡ್ರೈವರು-ಕಂಡಕ್ಟರುಗಳ ಬೆನ್ನಿನ ಮೇಲೂ ಬೀಳುತ್ತದೆ. ಊರಿನವರೆಲ್ಲ ಎಣ್ಣೆಸ್ನಾನ ಮಾಡುವ ಹೊತ್ತಿಗೆ ಡಿಪೋದಲ್ಲಿ ಸಹಿ ಹಾಕುವವರು ಅವರು. ಎಲ್ಲರನ್ನೂ ಹಬ್ಬಕ್ಕೆ ಮುಟ್ಟಿಸಿ ತಾವು ಬಸ್ ನಿಲ್ದಾಣದ ಬೆಂಚಿನ ಮೇಲೆ ಡಬ್ಬಿ ಬಿಚ್ಚುವವರು ಅವರು. ಆಯುಧಪೂಜೆಗೆಂದು ಸಾರಿಗೆ ಸಂಸ್ಥೆಯು ಬಸ್ಸಿಗೆ ಕೊಡುತ್ತಿದ್ದ ೧೦೦ ರೂಪಾಯಿಯನ್ನು ೨೦೨೪ರಲ್ಲಿ ೨೫೦ಕ್ಕೆ ಏರಿಸಿತು. ಬಸ್ಸಿಗೆ ಹೂವಾಯಿತು. ಓಡಿಸುವವನಿಗೆ?

೨೦೨೧ರ ಏಪ್ರಿಲ್ ೭ರಿಂದ ಸಾರಿಗೆ ನೌಕರರು ಸಂಬಳ ಪರಿಷ್ಕರಣೆ ಕೇಳಿ ಮುಷ್ಕರ ಹೂಡಿದರು. ಏಪ್ರಿಲ್ ೧೩ಕ್ಕೆ ಯುಗಾದಿ. ಅವರ ಹೆಂಡಿರು ಮಕ್ಕಳು ತಟ್ಟೆ-ಲೋಟ ಬಡಿಯುತ್ತ ಬೀದಿಗೆ ಬಂದರು. ಸರ್ಕಾರ ಖಾಸಗಿ ಬಸ್ಸುಗಳನ್ನು ನಿಲ್ದಾಣಕ್ಕೆ ಬಿಟ್ಟಿತು. ಹಬ್ಬಕ್ಕೆ ಊರು ಸೇರಲಾರದ ಜನ ನೌಕರರನ್ನು ಬೈದರು. ಆ ಕೋಪ ನಮಗೆ ಅರ್ಥವಾಗುತ್ತದೆ. ಆದರೆ ಬೇವು-ಬೆಲ್ಲದ ದಿನ ಆ ಮನೆಗಳಲ್ಲಿ ಬೇವು ಮಾತ್ರ ಇತ್ತೆಂಬುದನ್ನು ಎಷ್ಟು ಜನ ನೆನೆದರು? ಪ್ರಯಾಣಿಕನೂ ನೌಕರನೂ ಒಬ್ಬರನ್ನೊಬ್ಬರು ಬೈದುಕೊಂಡಷ್ಟೂ ಲಾಭ ಮೂರನೆಯವನಿಗೆ.

ಆಗಬೇಕಾದದ್ದು

ಕಷ್ಟಗಳಿಲ್ಲವೆಂದು ನಾವು ಹೇಳುವುದಿಲ್ಲ. ಪರಿಷೆಯ ದಿನ ಗಾಂಧಿ ಬಜಾರಿನ ಸುತ್ತ ಕಾರುಗಳ ಸಾಲು ನಿಂತು ಕಾಲಿಡಲು ಜಾಗವಿಲ್ಲದಂತಾಗುತ್ತದೆ. ಅಲ್ಲಿ ಜಾಗ ತಿನ್ನುತ್ತಿರುವುದು ಕಾರು, ಜನರಲ್ಲ. ಒಂದು ಬಸ್ಸಿನ ಜನರನ್ನು ಕಾರುಗಳಲ್ಲಿ ಕೂರಿಸಿದರೆ ಬೀದಿಯೇ ಸಾಲದು. ಕಾರನ್ನು ದೂರದಲ್ಲಿ ತಡೆದು ಬಸ್ಸನ್ನು ಹತ್ತಿರ ಬಿಟ್ಟರೆ ಪರಿಷೆಯೂ ಉಳಿಯುತ್ತದೆ, ಬೀದಿಯೂ ಉಳಿಯುತ್ತದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹಬ್ಬಗಳ ಹದಿನೈದು ದಿನ ಮುಂಚಿತವಾಗಿ ಸರ್ಕಾರ 67ನೆಯ ಕಲಮಿನ ಮೇರೆಗೆ ಖಾಸಗಿ ಬಸ್ಸುಗಳ ಗರಿಷ್ಠ ದರವನ್ನು ಊರೂರಿಗೆ ಗೊತ್ತುಮಾಡಿ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ಸಾರಿಗೆ ನಿಗಮಗಳು ಹಬ್ಬದ ಹೆಚ್ಚುವರಿ ಬಸ್ಸುಗಳನ್ನು ಮಾಮೂಲು ದರದಲ್ಲೇ ಓಡಿಸಲಿ. ನಷ್ಟವಾದರೆ ವರ್ಷದ ಲೆಕ್ಕದಲ್ಲಿ ಸರ್ಕಾರ ತುಂಬಿಕೊಡಲಿ. ಸಾರ್ವಜನಿಕ ಸಾರಿಗೆ ಎಂಬ ಹೆಸರಿಗೆ ಅರ್ಥ ಬರುವುದು ಅಲ್ಲಿಯೇ. ಪರಿಷೆ, ಕರಗ, ರಾಮೋತ್ಸವಗಳ ರಾತ್ರಿ ಕೊನೆಯ ಬಸ್ಸು ಕೊನೆಯ ದೀಪದವರೆಗೆ ಕಾಯಲಿ. ಕಾಯಿ ಮಾರಲು ಬರುವ ಸಣ್ಣ ರೈತನ ಎರಡು ಮೂಟೆಗೆ ಬಸ್ಸಿನಲ್ಲಿ ಜಾಗವಿರಲಿ. ಲಾರಿಯ ದಳ್ಳಾಳಿಗೆ ಅವನು ತಲೆ ಕೊಡಬೇಕಾಗಿರದಿರಲಿ. ಹಬ್ಬದ ದಿನ ದುಡಿದ ಡ್ರೈವರಿಗೆ, ಕಂಡಕ್ಟರಿಗೆ, ಗ್ಯಾರೇಜಿನ ಕೆಲಸಗಾರನಿಗೆ ಎರಡು ದಿನದ ಸಂಬಳವೂ ಆಮೇಲೆ ಒಂದು ದಿನದ ರಜೆಯೂ ಸಿಗಲಿ. ಆ ರಜೆಯಲ್ಲಿ ಅವರ ಮನೆಯಲ್ಲೂ ಹಬ್ಬವಾಗಲಿ.

ಪರಿಷೆಗೆ ಬರುವ ರೈತ ಮಾರಾಟಕ್ಕೆ ಮೊದಲು ಒಂದು ಹಿಡಿ ಕಾಯಿಯನ್ನು ಬಸವಣ್ಣನಿಗೆ ಎತ್ತಿಡುತ್ತಾನೆ. ಆ ಕಾಯಿಯನ್ನು ಕಿತ್ತವರು, ಹೊತ್ತವರು, ಗಾಡಿಗೆ ಏರಿಸಿದವರು, ಗಾಡಿಯನ್ನು ಓಡಿಸಿದವರು ಎಷ್ಟು ಜನ! ಅವರೆಲ್ಲರೂ ಪರಿಷೆಗೆ ಬಂದು, ಒಂದು ಪಾವು ಕಾಯಿ ತಿಂದು, ಜೇಬಿನಲ್ಲಿ ಮರಳುವ ಚಾರ್ಜು ಉಳಿದು, ರಾತ್ರಿ ಮನೆ ಸೇರುವಂತಾದ ದಿನ ಈ ನಾಡಿನಲ್ಲಿ ಹಬ್ಬವಾಯಿತೆಂದು ನಾವು ಬರೆಯುತ್ತೇವೆ.